ಹತ್ತು ಸಾವಿರ ಕಳ್ಳರು ಮತ್ತು ಮಧ್ಯಾಹ್ನದ ನಿದ್ದೆ

ಮಾರ್ಚ್ 4, ಮಂಗಳವಾರ

ಯಜಮಾನರು ಕರೆಸಿದರು. ಅವರ ಕೋಣೆಗೆ ನಾನು ಕಾಲಿಟ್ಟು ಎರಡು ವರ್ಷವಾಗಿತ್ತು. ಹೋದ ಸಲ ಅವರ ಪ್ರಿಂಟರು ಕೆಟ್ಟಿತ್ತು. ಈ ಸಲ ಕೆಟ್ಟಿರುವುದು ನನ್ನ ಹಣೆಬರಹ.

ನಮ್ಮ ಸ್ಕ್ರೂಗಳನ್ನು ಕೊಳ್ಳುವ ಯುರೋಪಿನ ಕಾರು ಕಂಪನಿಯವರು ಪತ್ರ ಬರೆದಿದ್ದಾರೆ. ಕಂಪ್ಯೂಟರ್ ಕಳ್ಳರು ನಮ್ಮ ಆಫೀಸಿನೊಳಗೆ ನುಗ್ಗಿದರೆ, ಅವರು ಕಾರ್ಖಾನೆಯ ಕುಲುಮೆಗಳನ್ನು ಮುಟ್ಟುವ ಮೊದಲೇ ನಾವು ತಡೆಯುತ್ತೇವೆ ಎಂದು ಸಾಬೀತು ಮಾಡಬೇಕಂತೆ. ಏಪ್ರಿಲ್‌ನಲ್ಲಿ ಅವರ ಪರೀಕ್ಷಕರು ಬರುತ್ತಾರೆ. ಅವರ ಕಣ್ಣೆದುರು ಒಂದು ಅಣಕು ದಾಳಿ ನಡೆಯಬೇಕು.

ಗೊಂಗ್ ಯಜಮಾನರಿಗೆ ಎಪ್ಪತ್ತೊಂದು. ಸುತ್ತುಬಳಸಿ ಮಾತಾಡುವವರಲ್ಲ. "ನೋಡು ಬಿ-ಶ್ಯಾ, ಪಾಸಾದ್ರೆ ನಿನ್ನ ಕೋಣೆ ನಿನಗೆ. ಫೇಲಾದ್ರೆ ಈ ಕೆಲಸಾನ ತೈಪೆಯ ಕಂಪನಿಯವರಿಗೆ ಕೊಟ್ಟುಬಿಡ್ತೀನಿ. ನೀನು ಗೋದಾಮಿಗೆ ಹೋಗಿ ಪೆಟ್ಟಿಗೆ ಜೋಡಿಸು."

ಇಪ್ಪತ್ನಾಲ್ಕು ವರ್ಷ ಈ ಕಾರ್ಖಾನೆಯ ಕಂಪ್ಯೂಟರ್ ಜಾಲವನ್ನು ನೋಡಿಕೊಂಡಿದ್ದೇನೆ. ನನ್ನ ಯಂತ್ರದ ಕೋಣೆ ಹದಿನೆಂಟು ಡಿಗ್ರಿ ತಣ್ಣಗೆ, ಒಂದೇ ಸಮನೆ ಗುಂಯ್ ಎನ್ನುತ್ತದೆ, ಯಾರೂ ಬರುವುದಿಲ್ಲ. ಊಟದ ಡಬ್ಬಿ ಅಲ್ಲೇ, ಮಧ್ಯಾಹ್ನದ ನಿದ್ದೆಯೂ ಅಲ್ಲೇ, ಒಳಗಿನಿಂದ ಚಿಲಕ ಹಾಕಿಕೊಂಡು. ಆಫೀಸಿನ ಜನ ನನಗೆ ಅವರ ಮೇಜಿನ ಫೋನ್ ಸಂಖ್ಯೆಯಿಂದಷ್ಟೇ ಗೊತ್ತು, ಅಷ್ಟು ಸಾಕು. ಜಾಲಕ್ಕೆ ಬರುವ ಕಾಯಿಲೆಗಳಲ್ಲಿ ಮುಕ್ಕಾಲು ಪಾಲು 214ರಿಂದ ಬರುತ್ತದೆ, ಉಳಿದದ್ದು 530ರಿಂದ.

ಮಾರ್ಚ್ 6, ಗುರುವಾರ

ರಾಜಧಾನಿ ತೈಪೆಯಿಂದ ಅಣಕು ದಾಳಿಯ ಪರಿಣತೆ ಬಂದಳು. ಹೆಸರು ಲಾಯ್ ಯಿ-ಚ್ಯಾನ್, ಮೂವತ್ತೆರಡು ವರ್ಷ. ಬಂದ ಅರ್ಧ ಗಂಟೆಯಲ್ಲಿ ನಮ್ಮ ಗಾಂಗ್‌ಶಾನ್ ಊರಿನ ಅಡುಗೆಯಲ್ಲಿ ಸಕ್ಕರೆ ಜಾಸ್ತಿ ಎಂದು ಹೇಳಿ ಮುಗಿಸಿದ್ದಳು. ನಮ್ಮ ಕೆಲಸ ಕಸಿದುಕೊಳ್ಳುವ ಕಂಪನಿಯವಳಲ್ಲ, ದಾಳಿ ಮಾಡಿ ತೋರಿಸುವುದಷ್ಟೇ ಇವಳ ವೃತ್ತಿ.

ಮಾಡುವುದು ಹೀಗೆ. ನಮ್ಮ ಜಾಲದ ಒಂದು ನಕಲನ್ನು ತನ್ನ ಕಂಪ್ಯೂಟರಿನೊಳಗೆ ಕಟ್ಟುತ್ತಾಳೆ. ಯಾವ ಮೇಜು, ಯಾವ ತಂತಿ, ಯಾವ ಯಂತ್ರ, ಎಲ್ಲ ಇದ್ದದ್ದು ಇದ್ದ ಹಾಗೆ. ಆಮೇಲೆ ಅದರೊಳಗೆ ಕಳ್ಳರನ್ನು ಬಿಡುತ್ತಾಳೆ, ಒಬ್ಬರಾದ ಮೇಲೆ ಒಬ್ಬರಂತೆ ಹತ್ತು ಸಾವಿರ ಜನ. ಒಬ್ಬೊಬ್ಬನದೂ ಒಂದೊಂದು ದಾರಿ. ಯಾವ ದಾರಿ ಹಿಡಿದವನು ಎಷ್ಟು ನಿಮಿಷದಲ್ಲಿ ಕುಲುಮೆ ಮುಟ್ಟಿದ ಎಂದು ಕೊನೆಗೆ ಹೇಳುತ್ತದೆ. ನಿಜವಾದ ಜಾಲಕ್ಕೆ ಒಂದು ಗೀರೂ ಬೀಳುವುದಿಲ್ಲ.

ಉತ್ತರ ಬಂತು: ಮೂವತ್ತೆಂಟು ನಿಮಿಷ. ಶುರುವಾದದ್ದು 214ರ ಮೇಜಿನಿಂದ. ನನಗೇನೂ ಆಶ್ಚರ್ಯವಾಗಲಿಲ್ಲ.

"ನಿಮ್ಮ ಬೀಗಗಳೆಲ್ಲ ಗಟ್ಟಿಯಾಗಿವೆ ಅಕ್ಕ" ಎಂದಳು ಯಿ-ಚ್ಯಾನ್. "ಆದ್ರೆ ಕಳ್ಳ ಬೀಗ ಮುಟ್ಟೋದೇ ಇಲ್ಲ. ಒಳಗಿರೋರ ಕೈಲೇ ಬಾಗಿಲು ತೆಗೆಸ್ತಾನೆ."

"ಹಾಗಾದ್ರೆ ನಿನ್ನ ನಕಲಿನಿಂದ ಜನಾನ ತೆಗೆದು ಓಡ್ಸಿ ನೋಡು."

"ಹಾಗೆ ಓಡಿಸಿದ್ರೆ ಕಳ್ಳನೂ ಬರಲ್ಲ, ಸ್ಕ್ರೂನೂ ಬರಲ್ಲ."

ಬಾಯಿ ಜೋರು. ನಕಲು ಜಾಲಕ್ಕೆ ಇನ್ನೊಂದು ಅಂಕಿ ಬೇಕಿತ್ತವಳಿಗೆ: ಪರದೆಯ ಮೇಲೆ ಏನೋ ವಿಚಿತ್ರ ಕಂಡಾಗ ನಮ್ಮ ಜನ ಎಷ್ಟು ನಿಮಿಷದಲ್ಲಿ ನನಗೆ ತಿಳಿಸುತ್ತಾರೆ? ಹತ್ತು ಎಂದೆ. ಯಾಕೆ ಹತ್ತು ಎಂದು ಕೇಳಿದಳು. ಹತ್ತು ಎಂದರೆ ಹತ್ತು ಎಂದೆ. ಬರೆದುಕೊಂಡಳು. ಹತ್ತು ನಿಮಿಷದಲ್ಲಿ ಸುದ್ದಿ ಸಿಕ್ಕರೆ ನಾನು ಇಪ್ಪತ್ತಾರನೆಯ ನಿಮಿಷಕ್ಕೆ ಕಳ್ಳನನ್ನು ಹಿಡಿಯುತ್ತೇನೆ. ಅಂದರೆ ಪಾಸು. ಇವತ್ತು ಕುರಿಮಾಂಸದ ಸಾರು ತರಿಸಿಕೊಂಡು ಉಂಡೆ.

ಮಾರ್ಚ್ 11, ಮಂಗಳವಾರ

ಆ ಹತ್ತು ಅವಳಿಗೆ ಗಂಟಲಲ್ಲಿ ಸಿಕ್ಕ ಮುಳ್ಳಾಗಿದೆ. "ಹೋಗಿ ಕೇಳ್ಕೊಂಡು ಬನ್ನಿ ಅಕ್ಕ" ಎಂದು ನನ್ನನ್ನು ಕೋಣೆಯಿಂದ ಹೊರಗೆ ಅಟ್ಟಿದಳು. ಸ್ವಂತ ಕಾರ್ಖಾನೆಯಲ್ಲಿ ಮನೆಮನೆ ಗಣತಿಗೆ ಬಂದವಳಂತೆ ಮೇಜಿಂದ ಮೇಜಿಗೆ ಅಲೆದೆ.

214 ಎಂದರೆ ರಫ್ತು ವಿಭಾಗದ ಹೆಂಗಸು, ನಲವತ್ತರ ಆಸುಪಾಸು, ಮೇಜಿನ ತುಂಬ ಹಳದಿ ಬಣ್ಣದ ಸಾಮಾನು. ವೆಂಗ್ ಗ್ವೇ-ಲಾನ್ ಎಂದು ಹೆಸರು. ಈ ವರ್ಷ ವಿಚಿತ್ರವಾದದ್ದೇನಾದರೂ ಕಂಡಿದ್ದುಂಟಾ ಎಂದು ಕೇಳಿದೆ.

"ಮೂರು ಸಲ ಕಂಡಿತ್ತು ಅಕ್ಕ."

"ಎಷ್ಟು ನಿಮಿಷ ಬಿಟ್ಟು ನನಗೆ ಹೇಳಿದೆ?"

"ಹೇಳೇ ಇಲ್ಲ."

"ಯಾಕೆ?"

ಅವಳು ಪಕ್ಕದವಳ ಮುಖ ನೋಡಿದಳು. ಪಕ್ಕದವಳು ಚಹಾದ ಲೋಟ ನೋಡಿದಳು. "ನೀವು ಬೈತೀರಲ್ಲ ಅಕ್ಕ. ಹೋದ ವರ್ಷ ಒಂದು ಸಲ ಹೇಳಿದ್ದಕ್ಕೆ, ಕೈಗೆ ಬೆರಳು ಯಾಕೆ ಕೊಟ್ಟಿದಾನೋ ದೇವ್ರು ಅಂದ್ರಿ."

ನಾನು ಹಾಗೆ ಅಂದಿರಲಿಕ್ಕಿಲ್ಲ. ಅಂದಿದ್ದರೂ ಕಾರಣ ಇದ್ದೇ ಇರುತ್ತದೆ.

ಮಾರ್ಚ್ 18, ಮಂಗಳವಾರ

ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ.

ಇವತ್ತು ಯಿ-ಚ್ಯಾನ್ ಮೊದಲ ಸಲ ನಕಲು ಬಿಟ್ಟು ನಿಜವಾದ ಜನರ ಮೇಲೆ ಅಣಕು ದಾಳಿ ಮಾಡಿದಳು. ಯಾವ ಹೊತ್ತಿಗೆ ಎಂದು ಯಾರಿಗೂ ಹೇಳಿರಲಿಲ್ಲ, ನನಗೂ ಸಹ. ಹಲ್ಲು ಕಿತ್ತ ಹಾವು, ಏನನ್ನೂ ಕೆಡಿಸುವುದಿಲ್ಲ, ಎಲ್ಲಿಯವರೆಗೆ ಹರಿದು ಹೋಯಿತು ಎಂದು ಮಾತ್ರ ಬರೆದಿಡುತ್ತದೆ.

ಬಿಟ್ಟದ್ದು ಹನ್ನೆರಡು ಮೂವತ್ತನಾಲ್ಕಕ್ಕೆ.

ಹನ್ನೆರಡೂವರೆಗೆ ನಮ್ಮಲ್ಲಿ ದೀಪ ಆರಿಸುತ್ತಾರೆ. ಎಲ್ಲರೂ ಮೇಜಿನ ಮೇಲೆ ದಿಂಬಿಟ್ಟು ಒಂದೂವರೆಯವರೆಗೆ ಮಲಗುತ್ತಾರೆ. ಯಜಮಾನರಿಗೆ ಮಡಚುವ ಮಂಚವಿದೆ. ಆ ಒಂದು ಗಂಟೆಯಲ್ಲಿ ಕೆಮ್ಮು ಬಂದವರು ಮೆಟ್ಟಿಲ ಹತ್ತಿರ ಹೋಗಿ ಕೆಮ್ಮಿ ಬರುತ್ತಾರೆ. ಇದನ್ನು ನಾನು ಯಿ-ಚ್ಯಾನ್‌ಗೆ ಹೇಳಿರಲಿಲ್ಲ. ಉಸಿರಾಡುತ್ತೇವೆ ಎಂದು ಯಾರಾದರೂ ಬೇರೆಯಾಗಿ ಹೇಳುತ್ತಾರೆಯೇ?

214ರವಳು ಮಲಗುವ ಮುಂಚೆ ಕಂಪ್ಯೂಟರಿಗೆ ಬಂದ ಒಂದು ಪತ್ರ ತೆರೆದಳು. ಪರದೆ ಎರಡು ಸಲ ಮಿಣುಕಿತು. ಏನೋ ಸರಿಯಿಲ್ಲ ಎಂದು ಅವಳಿಗೆ ಕೂಡಲೇ ಗೊತ್ತಾಯಿತು. ಫೋನ್ ಮಾಡಿದರೆ ಗಂಟೆ ಬಾರಿಸಿ ಎಲ್ಲರಿಗೂ ಎಚ್ಚರವಾದೀತು ಎಂದು ಮಾಡಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು, ಕತ್ತಲಲ್ಲಿ ನನ್ನ ಕೋಣೆಯವರೆಗೆ ಬಂದಳು. ಚಿಲಕ ಹಾಕಿತ್ತು. ಚೀಟಿ ಬರೆದು ಬಾಗಿಲಿಗೆ ಅಂಟಿಸಿ, ಹಿಂದಿರುಗಿ ಹೋಗಿ ಮಲಗಿದಳು.

ಕುಲುಮೆಯ ಮೇಸ್ತ್ರಿ, ಅದೇ 530, ಅವನ ಪರದೆಯಲ್ಲೂ ಹನ್ನೆರಡು ಐವತ್ತಕ್ಕೆ ಎಚ್ಚರಿಕೆ ಬಂದಿತ್ತು. ಅವನು ವಿದ್ಯುತ್ ವಿಭಾಗದವನನ್ನು ಹುಡುಕಿಕೊಂಡು ಹೋದ. ಆ ಮನುಷ್ಯ ಗೊರಕೆ ಹೊಡೆಯುತ್ತಿದ್ದ. ಪಕ್ಕದಲ್ಲೊಂದು ಸ್ಟೂಲು ಹಾಕಿಕೊಂಡು ಕೂತು, ಅವನು ಏಳಲಿ ಎಂದು ಕಾದ.

ಒಂದು ಗಂಟೆ ಹನ್ನೆರಡು ನಿಮಿಷಕ್ಕೆ ಕುಲುಮೆ ಕಳ್ಳನ ಪಾಲಾಯಿತು. ಒಂದೂವರೆಗೆ ನಾನು ಆಕಳಿಸುತ್ತ ಬಾಗಿಲು ತೆಗೆದೆ. ಚೀಟಿಯಲ್ಲಿ ಹೀಗಿತ್ತು: "ಬಿ-ಶ್ಯಾ ಅಕ್ಕ, ಯಾರೋ ನುಗ್ಗಿದ ಹಾಗಿದೆ. ಎದ್ದ ಮೇಲೆ ನೋಡಿ. ಅವಸರವಿಲ್ಲ."

ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನಾನಂತೂ ಸೂರೆ ಹೋಗುವಾಗಲೇ ಬಾಗಿಲು ಹಾಕಿಕೊಂಡು ಮಲಗಿದ್ದೆ.

ಮಾರ್ಚ್ 19, ಬುಧವಾರ

ಪರೀಕ್ಷಕರು ಬರುವುದು ಏಪ್ರಿಲ್ 16ಕ್ಕೆ. ಇದೇ ರೀತಿ ಆದರೆ ಗೋದಾಮು ಗ್ಯಾರಂಟಿ ಎಂದರು ಯಜಮಾನರು.

ಯಿ-ಚ್ಯಾನ್ ಅಮಾಯಕಳಂತೆ ಒಂದು ಸಲಹೆ ಕೊಟ್ಟಳು. "ನಿದ್ದೆ ನಿಲ್ಲಿಸಿಬಿಡಿ ಸರ್. ನಕಲಿನಲ್ಲಿ ಓಡಿಸಿ ನೋಡಿದೀನಿ, ಇಪ್ಪತ್ತು ನಿಮಿಷಕ್ಕೆ ಕಳ್ಳ ಸಿಗ್ತಾನೆ."

"ನೀನು ತೈಪೆಯವಳು, ಮಗು. ನಿನ್ನ ತಪ್ಪಲ್ಲ" ಎಂದರು ಯಜಮಾನರು. ಆ ಮಾತು ಅಲ್ಲಿಗೆ ಮುಗಿಯಿತು.

ಮಾರ್ಚ್ 24, ಸೋಮವಾರ

ಕುಲುಮೆಗೆ ಹೋಗಿದ್ದೆ. ಕೊನೆಯ ಸಲ ಯಾವಾಗ ಹೋಗಿದ್ದೆನೋ ನೆನಪಿಲ್ಲ. ಆ ಬಿಸಿಗೆ ನನ್ನ ಕನ್ನಡಕ ಮಂಜಾಗಿ, ಎದುರಿಗೆ ನಿಂತಿದ್ದ ಮೇಸ್ತ್ರಿಯ ಹೊಟ್ಟೆಗೆ ಡಿಕ್ಕಿ ಹೊಡೆದೆ.

"ಏನಮ್ಮಾ, ದಾರಿ ತಪ್ಪಿ ಬಂದ್ಯಾ?" ಎಂದ. ಚ್ಯು ಎಂದು ಅವನ ಹೆಸರು. ಫೋನಿನಲ್ಲಿ ಕೇಳಿದ ಹಾಗೆ ಒರಟನಲ್ಲ. ಕುಲುಮೆಯ ಸದ್ದಿನಲ್ಲಿ ನಲವತ್ತು ವರ್ಷ ಕೂಗಿ ಕೂಗಿ ದನಿ ಹಾಗಾಗಿದೆ, ಅಷ್ಟೇ.

ಆಫೀಸಿಗೂ ಕುಲುಮೆಗೂ ನಡುವೆ ಒಂದೇ ಒಂದು ದಪ್ಪ ತಂತಿ. ಅದನ್ನು ಕಿತ್ತರೆ ಕಳ್ಳನ ದಾರಿ ಅಲ್ಲಿಗೆ ಬಂದ್. ಆದರೆ ಅದನ್ನು ಕಿತ್ತರೆ ಕುಲುಮೆ ನಿಂತು, ಒಳಗಿರುವ ಸ್ಕ್ರೂ ಎಲ್ಲ ಹಾಳಾಗುತ್ತದೆ, ಹಾಗಾಗಿ ಯಜಮಾನರ ಅಪ್ಪಣೆ ಇಲ್ಲದೆ ಮುಟ್ಟಬಾರದು. ಇದು ನಾನೇ ಬರೆದಿಟ್ಟ ನಿಯಮ. ಹಾಗೆಂದು ಚ್ಯುಗೆ ವಿವರಿಸಿದೆ. ಅವನು ನಗಲು ಶುರು ಮಾಡಿದವನು ನಿಲ್ಲಿಸಲೇ ಇಲ್ಲ.

"ತಂತಿ ಕಿತ್ರೆ ಕುಲುಮೆ ಯಾಕಮ್ಮಾ ನಿಲ್ಲುತ್ತೆ? ನೀನು ತಂತಿ ಹಾಕಿಸೋಕೆ ಮುಂಚೆ ಹದಿನೈದು ವರ್ಷ ಕೈಯಲ್ಲೇ ನಡೆಸಿದೀವಿ. ಇಗೋ ಚಕ್ರ, ಇಗೋ ಸನ್ನೆಗೋಲು. ಅರ್ಧ ದಿನ ಬೇಕಾದ್ರೂ ನಡೆಸ್ತೀನಿ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದ್ಯಾ?"

ನನ್ನ ಕೋಣೆಗೆ ಬಂದು ಕೂತು ಬಹಳ ಹೊತ್ತು ನನ್ನಷ್ಟಕ್ಕೆ ನಾಚಿಕೊಂಡೆ. ಯಿ-ಚ್ಯಾನ್ ಮಾತ್ರ ಕುಣಿದಾಡಿದಳು. ತಂತಿ ಕೀಳಬಹುದು ಎಂದು ನಕಲಿನಲ್ಲಿ ಸೇರಿಸಿ ಓಡಿಸಿದಳು. ಒಬ್ಬನಾದರೂ ಎಚ್ಚರವಿದ್ದು ನನ್ನನ್ನು ಎಬ್ಬಿಸಿದರೆ, ಹತ್ತು ಸಾವಿರ ಕಳ್ಳರಲ್ಲಿ ಒಂಬತ್ತು ಸಾವಿರದ ಒಂಬೈನೂರು ಜನ ಬರಿಗೈಯಲ್ಲಿ ಮನೆಗೆ.

ಎಬ್ಬಿಸಿದರೆ. ಅಲ್ಲಿದೆ ಕಷ್ಟ.

ಮಾರ್ಚ್ 27, ಗುರುವಾರ

ಇವತ್ತಿನಷ್ಟು ನಾನು ಈ ಕಾರ್ಖಾನೆಯಲ್ಲಿ ಯಾವತ್ತೂ ನಕ್ಕಿರಲಿಲ್ಲ.

ದಿನಕ್ಕೊಬ್ಬರು ಸರದಿಯ ಮೇಲೆ ಎಚ್ಚರವಿರುವುದು ಎಂದು ಗೊತ್ತುಮಾಡಿದೆವು. ಎಚ್ಚರವಿರಲು ಎಲ್ಲರೂ ತಯಾರು. ಇನ್ನೊಬ್ಬರನ್ನು ಎಬ್ಬಿಸಲು ಯಾರೂ ತಯಾರಿಲ್ಲ. ಮಲಗಿದವರನ್ನು ಎಬ್ಬಿಸುವ ಪಾಪ ಯಾರಿಗೆ ಬೇಕು? ಹಾಗಾಗಿ ಅಭ್ಯಾಸ. ಚೀಟಿ ಎತ್ತುವುದು, ಹೆಸರು ಬಂದವರನ್ನು ಹೋಗಿ ಎಬ್ಬಿಸುವುದು. ಮಂಗಳವಾರ ಚೀಟಿ ಎತ್ತಿದವಳು ನನ್ನ ಭುಜದ ಮೇಲೆ ಗಾಳಿ ಊದಿದಳು. ಬುಧವಾರದವನು ಎದುರು ನಿಂತು ಕ್ಷಮಿಸಿ ಕ್ಷಮಿಸಿ ಎಂದು ಪಿಸುಗುಟ್ಟುತ್ತ ಏಳು ನಿಮಿಷ ಕಳೆದ.

ಇವತ್ತು ಗ್ವೇ-ಲಾನ್ ಎತ್ತಿದ ಚೀಟಿಯಲ್ಲಿ ಬಂದದ್ದು ಯಜಮಾನರ ಹೆಸರು. ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ. ಅವಳ ಮುಖ ಬಿಳಿಚಿಕೊಂಡಿತು. ನಾನೂ ಜೊತೆಗೆ ಹೋದೆ, ಪಾಪ, ಒಬ್ಬಳನ್ನೇ ಹೇಗೆ ಕಳಿಸುವುದು. ಕತ್ತಲ ಕೋಣೆಯಲ್ಲಿ ಮಂಚದ ಹತ್ತಿರ ಹೋಗಿ ಗ್ವೇ-ಲಾನ್ ಅವರ ಕಾಲಿನ ಹೆಬ್ಬೆರಳು ಹಿಡಿದು ಎಳೆದಳು.

ಯಜಮಾನರು ದಡಕ್ಕನೆ ಎದ್ದು ಕೂತರು. "ಯಾರು ಹೋದ್ರು?"

"ಯಾರೂ ಹೋಗಿಲ್ಲ ಸರ್. ಅಭ್ಯಾಸ."

ಅವರಿಗೆ ಮತ್ತೆ ನಿದ್ದೆ ಹತ್ತಲಿಲ್ಲ. ಮೂರು ಗಂಟೆಗೆ ನನಗೆ ಕರೆ ಬಂತು. "ಬಿ-ಶ್ಯಾ, ಇನ್ನು ಮುಂದೆ ನನ್ನನ್ನ ಎಬ್ಬಿಸದೇ ಇರಬೇಕು ಅಂದ್ರೆ ಏನು ಬೇಕೋ ಬರ್ಕೊಂಡು ಬಾ. ಮುದ್ರೆ ಒತ್ತುತೀನಿ."

ನನ್ನ ಮಾತು ಬಂದ ಕೂಡಲೇ, ಯಾರನ್ನೂ ಕೇಳದೆ ಚ್ಯು ತಂತಿ ಕೀಳಬಹುದು ಎಂದು ಬರೆದುಕೊಂಡು ಹೋದೆ. ಮುದ್ರೆ ಬಿತ್ತು. ಇಪ್ಪತ್ನಾಲ್ಕು ವರ್ಷ ಇಲ್ಲದ ಅಧಿಕಾರ ಒಂದು ಹೆಬ್ಬೆರಳಿನಿಂದ ಸಿಕ್ಕಿತು.

ಮಾರ್ಚ್ 31, ಸೋಮವಾರ

ಯಂತ್ರದ ಕೋಣೆಗೆ ಬಂದು ಎಬ್ಬಿಸಲು ದೂರವಾಗುತ್ತದೆ ಎಂದು ಪರೀಕ್ಷೆ ಮುಗಿಯುವವರೆಗೆ ಆಫೀಸಿನಲ್ಲಿ, ಗ್ವೇ-ಲಾನ್ ಪಕ್ಕದ ಖಾಲಿ ಮೇಜಿನಲ್ಲಿ ಮಲಗುತ್ತಿದ್ದೇನೆ. ಅನುಕೂಲಕ್ಕೆ, ಅಷ್ಟೇ. ಹೇಗೂ ಅಲ್ಲೇ ಇರುತ್ತೇನಲ್ಲ ಎಂದು ಊಟವೂ ಅಲ್ಲೇ. ಅವಳ ಹತ್ತಿರ ಎರಡು ದಿಂಬಿವೆ, ಒಂದನ್ನು ಕೊಟ್ಟಿದ್ದಾಳೆ.

ಅವಳ ಮಗಳು ಈಜುಸ್ಪರ್ಧೆಯಲ್ಲಿ ಎರಡನೆಯವಳಾದಳಂತೆ. ಫೋಟೋ ತೋರಿಸಿದಳು. ಹುಡುಗಿಯ ಹಲ್ಲು ತಾಯಿಯ ಹಾಗೇ.

ಏಪ್ರಿಲ್ 4, ಶುಕ್ರವಾರ

ಹಿರಿಯರ ಸಮಾಧಿ ಶುಚಿ ಮಾಡುವ ಹಬ್ಬದ ರಜೆ. ಅಪ್ಪ ಅಮ್ಮನ ಸಮಾಧಿಯ ಹುಲ್ಲು ಕಿತ್ತು, ಊದುಬತ್ತಿ ಹಚ್ಚಿ ಬಂದೆ. ಗೋದಾಮಿಗೆ ಹೋಗದ ಹಾಗೆ ನೋಡಿಕೊಳ್ಳಿ ಎಂದು ಕೇಳಿಕೊಂಡೆ. ಗ್ವೇ-ಲಾನಳ ಹೆದರಿಕೆ ಕಡಿಮೆಯಾಗಲಿ, ಚ್ಯು ಮೇಸ್ತ್ರಿಯ ಮಂಡಿನೋವು ವಾಸಿಯಾಗಲಿ ಎಂದೂ ಕೇಳಿಕೊಂಡೆ. ಅಲ್ಲಿಯವರೆಗೆ ಹೋದ ಮೇಲೆ ಎಲ್ಲ ಒಟ್ಟಿಗೆ ಕೇಳುವುದೇ ವಾಸಿ.

ಏಪ್ರಿಲ್ 9, ಬುಧವಾರ

ಯಿ-ಚ್ಯಾನ್ ತನ್ನ ಪರದೆಯನ್ನು ನನ್ನಿಂದ ಮರೆಮಾಡುತ್ತಿದ್ದಾಳೆ.

"ಏನದು?" ಎಂದೆ.

"ನೀವು ಬದಲಾದ್ರಿ, ಅದಕ್ಕೆ ಕಳ್ಳರೂ ದಾರಿ ಬದಲಾಯಿಸಿದಾರೆ ಅಕ್ಕ. ಹೊಸ ದಾರಿಯೊಂದು ಸಿಕ್ಕಿದೆ. ಹೇಳಲ್ಲ."

ನಾನೇನು ಬದಲಾಗಿದ್ದೇನೆ? ನಿಯಮ ಬದಲಾಗಿದೆ, ಅಷ್ಟೇ. ಶೇಂಗಾಪುಡಿ ಹಾಕಿದ ರೊಟ್ಟಿಯ ಸುರುಳಿ ಕೊಟ್ಟು ಬಾಯಿ ಬಿಡಿಸಲು ನೋಡಿದೆ. ಎರಡು ತಿಂದು, ಸಿಹಿ ಜಾಸ್ತಿ ಎಂದು ಹೇಳಿ, ಮೂರನೆಯದನ್ನೂ ತಿಂದಳು. ಬಾಯಿ ಮಾತ್ರ ಬಿಡಲಿಲ್ಲ.

ಏಪ್ರಿಲ್ 15, ಮಂಗಳವಾರ

ನಾಳೆ. ಫೋನ್ ಕೆಲಸ ಮಾಡುತ್ತದೆಯೇ ಎಂದು ಮೂರು ಸಲ ನೋಡಿಕೊಂಡೆ.

ಏಪ್ರಿಲ್ 16, ಬುಧವಾರ

ಪರೀಕ್ಷಕರು ಹತ್ತು ಗಂಟೆಗೆ ಬಂದರು. ಎತ್ತರದ ಮನುಷ್ಯ, ಜೊತೆಗೆ ಒಬ್ಬ ದುಭಾಷಿ. ಬೆಳಿಗ್ಗೆ ಏನೂ ಆಗಲಿಲ್ಲ. ಹನ್ನೊಂದಕ್ಕೂ ಇಲ್ಲ, ಹನ್ನೆರಡಕ್ಕೂ ಇಲ್ಲ. ಊಟ ಸೇರಲಿಲ್ಲ. ಹನ್ನೆರಡೂವರೆಗೆ ದೀಪ ಆರಿತು. ಮಲಗುವ ಹಾಗೆ ನಟಿಸೋಣ ಎಂದುಕೊಂಡು ತಲೆಯಿಟ್ಟೆ. ಹಿಂದಿನ ರಾತ್ರಿ ಕಣ್ಣು ಮುಚ್ಚಿರಲಿಲ್ಲ, ನಿಜವಾಗಿಯೂ ನಿದ್ದೆ ಬಂದುಬಿಟ್ಟಿತು.

ಇವತ್ತಿನ ಎಚ್ಚರದ ಸರದಿ ಗ್ವೇ-ಲಾನಳದು. ಮುಂದಿನದು ಅವಳು ಹೇಳಿದ ಹಾಗೆ ಬರೆಯುತ್ತಿದ್ದೇನೆ.

ಹನ್ನೆರಡು ಮೂವತ್ತೆಂಟಕ್ಕೆ ಎಲ್ಲರ ಕಂಪ್ಯೂಟರಿಗೂ ಒಂದು ಪತ್ರ ಬಂತು. ಕಳಿಸಿದವರು: ತು ಬಿ-ಶ್ಯಾ. ನಾನೇ. "ಆತ್ಮೀಯರೇ, ಮುಂದಿನ ವಾರದ ಎಚ್ಚರದ ಸರದಿಗೆ ಇಲ್ಲಿ ಒತ್ತಿ ಹೆಸರು ಕೊಡಿ. ಎಲ್ಲರ ಸಹಕಾರಕ್ಕೆ ಋಣಿ." ನಯವಾದ, ನಗುಮೊಗದ ಪತ್ರ. ಯಿ-ಚ್ಯಾನಳ ಹೊಸ ದಾರಿ ಇದು: ಮುಂಚೆ ನನ್ನ ಹೆಸರಿನಲ್ಲಿ ಬಂದ ಪತ್ರವನ್ನು ಯಾರೂ ತೆರೆಯುತ್ತಿರಲಿಲ್ಲವಂತೆ. ಈಗ ತೆರೆಯುತ್ತಾರಂತೆ.

ಗ್ವೇ-ಲಾನ್ ಇನ್ನೇನು ಒತ್ತಬೇಕು. ಪಕ್ಕಕ್ಕೆ ನೋಡಿದಳು. ಪತ್ರ ಕಳಿಸಿದವಳು ಅಲ್ಲೇ, ದಿಂಬಿನ ಮೇಲೆ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಳು.

ಯೋಚಿಸಲಿಲ್ಲ, ಕ್ಷಮೆ ಕೇಳಲಿಲ್ಲ. ಕೈ ಚಾಚಿ ನನ್ನ ಪಕ್ಕೆಗೆ ತಿವಿದಳು. ಈಗಲೂ ನೋಯುತ್ತಿದೆ.

"ಅಕ್ಕ, ನಿದ್ದೆಯಲ್ಲಿ ಪತ್ರ ಬರೀತೀರಾ?"

ಪರದೆ ನೋಡಿದೆ. ಯಾರೋ ಒಬ್ಬರು ಆಗಲೇ ಒತ್ತಿಬಿಟ್ಟಿದ್ದರು, ಕಳ್ಳ ಹೊರಟಾಗಿತ್ತು. ಬಗ್ಗಿ ಮೇಜಿನ ಕೆಳಗೆ ಕೂತು, ಬಾಯಿಗೆ ಕೈ ಅಡ್ಡ ಹಿಡಿದು ಚ್ಯುಗೆ ಫೋನ್ ಮಾಡಿದೆ. "ಎಳೀರಿ" ಎಂದೆ, ಪಿಸುದನಿಯಲ್ಲಿ.

"ಏನು?" ಎಂದು ಅವನು ಇಡೀ ಗಾಂಗ್‌ಶಾನಿಗೆ ಕೇಳುವಂತೆ ಕೂಗಿದ.

"ತಂತಿ ಎಳೀರಿ."

ಹನ್ನೆರಡು ನಲವತ್ತೈದಕ್ಕೆ ತಂತಿ ಅವನ ಕೈಯಲ್ಲಿತ್ತು. ಪತ್ರ ಬಂದು ಏಳೇ ನಿಮಿಷ. ಕಳ್ಳ ಇನ್ನೂ ಆಫೀಸಿನಲ್ಲೇ ದಾರಿ ಹುಡುಕುತ್ತಿದ್ದ. ಕುಲುಮೆ ಕೈಚಕ್ರದಲ್ಲಿ ನಡೆಯುತ್ತಲೇ ಇತ್ತು. ಕತ್ತಲಲ್ಲಿ ಮೂವತ್ತು ಜನ ಒಬ್ಬರೂ ಮಗ್ಗುಲು ಬದಲಿಸಿರಲಿಲ್ಲ. ಬಾಗಿಲ ಬಳಿ ನಿಂತಿದ್ದ ಪರೀಕ್ಷಕರು ದುಭಾಷಿಯ ಕಿವಿಯಲ್ಲಿ ಏನೋ ಕೇಳಿದರು. ಆತ ತುದಿಗಾಲಲ್ಲಿ ನನ್ನ ಬಳಿ ಬಂದು ಪಿಸುಗುಟ್ಟಿದ.

"ನಿಮ್ಮ ಪ್ರದರ್ಶನ ಯಾವಾಗ ಶುರು ಅಂತ ಕೇಳ್ತಿದಾರೆ."

"ಮುಗೀತು ಅಂತ ಹೇಳಿ" ಎಂದೆ. ನಾನೂ ಗ್ವೇ-ಲಾನೂ ಬಾಯಿಗೆ ದಿಂಬು ಒತ್ತಿಕೊಂಡು, ಕಣ್ಣೀರು ಬರುವ ತನಕ ನಕ್ಕೆವು. ನಗುವೋ ಅಳುವೋ, ನನಗೇ ಗೊತ್ತಾಗಲಿಲ್ಲ. ಅವಳ ಕೈ ಹಿಡಿದುಕೊಂಡಿದ್ದೆ ಎಂದು ಆಮೇಲೆ ನೋಡಿದೆ.

ಆ ಪತ್ರದಲ್ಲಿ ಒತ್ತಿದವರು ಯಜಮಾನರು. ಮಲಗುವ ಮುಂಚೆ, ಶ್ರದ್ಧೆಯಿಂದ, ಸರದಿಗೆ ಹೆಸರು ಕೊಟ್ಟಿದ್ದಾರೆ. ಒಂದೂವರೆಗೆ ಎದ್ದಾಗ ವಿಷಯ ತಿಳಿಸಿದೆವು. "ಬಿ-ಶ್ಯಾ ಬರೆದಿದಾಳಲ್ಲ ಅಂತ ಒತ್ತಿದೆ" ಎಂದರು. ಕೈಗೆ ಬೆರಳು ಯಾಕೆ ಕೊಟ್ಟನೋ ದೇವರು ಎಂದು ಈ ಸಲ ನಾನು ಅನ್ನಲಿಲ್ಲ.

ಏಪ್ರಿಲ್ 17, ಗುರುವಾರ

ಪಾಸು. ಕೋಣೆ ನನ್ನದೇ.

ಯಿ-ಚ್ಯಾನ್ ತೈಪೆಗೆ ಹೊರಟಳು. ಹೋಗುವ ಮುಂಚೆ ರಕ್ಷಣಾ ಯೋಜನೆಯ ಕೊನೆಯ ಪ್ರತಿ ಕೊಟ್ಟಳು. ಎಲ್ಲ ಸರಿಯಿತ್ತು, ಏಳನೆಯ ನಿಯಮದವರೆಗೆ. "ಜಾಲದ ಮೇಲ್ವಿಚಾರಕಿಯು ಪ್ರತಿದಿನ ಮಧ್ಯಾಹ್ನ ಹನ್ನೆರಡೂವರೆಯಿಂದ ಒಂದೂವರೆಯವರೆಗೆ ಗ್ವೇ-ಲಾನ್ ಅವರ ಪಕ್ಕದ ಮೇಜಿನಲ್ಲಿ ಮಲಗತಕ್ಕದ್ದು."

"ಇದನ್ನ ತೆಗಿ. ಪರೀಕ್ಷೆ ಮುಗೀತಲ್ಲ, ನನ್ನ ಕೋಣೆಗೆ ಹೋಗ್ತೀನಿ" ಎಂದೆ.

"ನಿಮ್ಮನ್ನ ಆ ಕೋಣೆಯಲ್ಲಿ ಮಲಗಿಸಿ ಹತ್ತು ಸಾವಿರ ಸಲ ಓಡಿಸಿದೆ ಅಕ್ಕ. ಹತ್ತು ಸಾವಿರ ಸಲವೂ ಕುಲುಮೆ ಹೋಯ್ತು."

ಯಜಮಾನರ ಮುದ್ರೆಯೂ ಬಿದ್ದಾಗಿದೆ, ಇನ್ನು ಮಾಡುವುದೇನು. ದಿನಾ ಅವಳ ದಿಂಬು ಕೇಳುವುದು ಚೆನ್ನಾಗಿರುವುದಿಲ್ಲ ಎಂದು ಸಂಜೆ ಅಂಗಡಿಗೆ ಹೋಗಿ ನನ್ನದೇ ಒಂದನ್ನು ಕೊಂಡು ತಂದೆ. ನೀಲಿಯದು ಮೆತ್ತಗಿತ್ತು. ಹಳದಿಯದನ್ನು ತೆಗೆದುಕೊಂಡೆ, ಗ್ವೇ-ಲಾನ್‌ಗೆ ಹಳದಿ ಇಷ್ಟ.